ಹಾಜರಿ ಅಳಿಸಿದ ಕೈ

ಗುಬ್ಬಿಯ ಹೆಸರು ಮತ್ತೆ ಪಟ್ಟಿಯ ಕೊನೆಗೆ ಹೋಗಿತ್ತು. ಇದು ಮೂರನೆಯ ಸಲ.

ಕಿವಿ ಆಸ್ಪತ್ರೆಯ ಬಾಗಿಲು ಆಗಷ್ಟೇ ತೆರೆದಿತ್ತು. ಒರೆಸಿದ ನೆಲದ ತೇವ ಇನ್ನೂ ಆರಿರಲಿಲ್ಲ. ಗುಬ್ಬಿಯ ತಾಯಿ ಗೋಡೆಯ ಮೇಲಿನ ಪರದೆಯನ್ನು ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ನೇರವಾಗಿ ಹೋಗಿ ನಿರ್ದೇಶಕರ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಳು. ಬಟ್ಟೆ ಹೊಲಿದು ಬದುಕುವವಳು. ಮಡಿಲಲ್ಲಿ ಮಗಳು, ಪಕ್ಕದಲ್ಲಿ ಕೊಡೆ. ಹರಿದಲ್ಲೆಲ್ಲ ಬಣ್ಣಬಣ್ಣದ ತುಂಡು ಬಟ್ಟೆ ಹಚ್ಚಿ ಹೊಲಿದ ಕೊಡೆ. ಒಮ್ಮೆ ಕಂಡವರು ಮರೆಯುವಂಥದ್ದಲ್ಲ.

"ಏಳಮ್ಮ. ನಾನು ಒಳಗೆ ಹೋಗಬೇಕು," ಎಂದರು ನಿರ್ದೇಶಕರು.

"ದಾಟಿಕೊಂಡು ಹೋಗಿ ಸಾರ್. ನನ್ನ ಮಗಳನ್ನ ಎಲ್ಲರೂ ದಾಟಿಕೊಂಡೇ ಹೋಗಿದ್ದಾರೆ."

ನಿರ್ದೇಶಕರಿಗೆ ದಾಟುವ ಧೈರ್ಯವಾಗಲಿಲ್ಲ. ಪೊಲೀಸರಿಗೆ ಫೋನ್ ಮಾಡಿಸಿದರು.

ಬಂದವಳು ಇನ್‌ಸ್ಪೆಕ್ಟರ್. ಠಾಣೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಅವಳು ಎಂದೋ ಒಮ್ಮೆ ಹೊರಗೆಳೆದಿದ್ದಳು. ಆ ಪಾಪಕ್ಕೆ ಅಂದಿನಿಂದ 'ಕಂಪ್ಯೂಟರ್' ಎಂಬ ಪದವಿರುವ ದೂರುಗಳೆಲ್ಲ ಅವಳ ಮೇಜಿಗೇ ಬಂದು ಬೀಳುತ್ತಿದ್ದವು. ಕೊಲೆಯಾದರೆ ಹೆಣವಿರುತ್ತದೆ, ಕಳ್ಳತನವಾದರೆ ಮುರಿದ ಬೀಗವಿರುತ್ತದೆ. ಇಲ್ಲೇನಿದೆ? ಒಂದು ಖಾಲಿ ಚೌಕ. ಅವಳಿಗೆ ಬೆಳಗ್ಗೆಯೇ ತಲೆ ಸಿಡಿಯತೊಡಗಿತು.

ಉಪವ್ಯವಸ್ಥಾಪಕ ಓಡಿ ಬಂದು ಕುರ್ಚಿ ಹಾಕಿದ. ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. ಮಾತು ಬೆಣ್ಣೆಯಂತೆ.

"ವಿಷಯ ಸರಳ ಮೇಡಂ. ಹುಟ್ಟು ಕಿವುಡು ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸ್ತೀವಿ. ವರ್ಷಕ್ಕೆ ಬರೋದು ನಾಲ್ಕೇ ಯಂತ್ರ, ಕಾಯೋ ಮಕ್ಕಳು ತುಂಬ. ಅದಕ್ಕೇ ವಾರವಾರ ಹೆತ್ತವರು ಕೌಂಟರಿಗೆ ಬಂದು ಹಾಜರಿ ಹೇಳಬೇಕು. ಹೇಳದಿದ್ದರೆ ಆಸೆ ಬಿಟ್ಟರು ಅಂತ ಲೆಕ್ಕ. ಮಗುವಿನ ಹೆಸರು ಪಟ್ಟಿಯ ಕೊನೆಗೆ ಇಳಿಯುತ್ತೆ."

"ನಾನು ಒಂದು ವಾರವೂ ತಪ್ಪಿಸಿಲ್ಲ!" ಎಂದಳು ಹೊಸ್ತಿಲ ಮೇಲಿನ ತಾಯಿ. "ಜ್ವರ ಬಂದಾಗಲೂ ಬಂದಿದ್ದೀನಿ. ಬಾಯಲ್ಲಿ ಹೇಳಿದ್ದೀನಿ, ಕಣ್ಣಾರೆ ನೋಡಿದ್ದೀನಿ, ಈಯಮ್ಮ ಒತ್ತಿದ್ದಾರೆ. ಬೆಳಗಾದರೆ ಇಲ್ಲ! ಎರಡು ಸಲ ಕೈಕಾಲು ಹಿಡಿದು ಮೇಲೆ ಹಾಕಿಸಿಕೊಂಡೆ. ಇನ್ನು ಆಗಲ್ಲ ಅಂತಾರೆ."

"ಈಯಮ್ಮ" ಎಂದರೆ ಕೌಂಟರಿನ ಗುಮಾಸ್ತೆ. ಅವಳು ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

"ಇಷ್ಟಕ್ಕೆ ಪೊಲೀಸರು ಯಾಕೆ?" ಎಂದಳು ಇನ್‌ಸ್ಪೆಕ್ಟರ್.

ಉಪವ್ಯವಸ್ಥಾಪಕ ದನಿ ತಗ್ಗಿಸಿದ. "ಡೇಟಾಬೇಸಿನಲ್ಲಿ ಯಾರು ಏನು ಬದಲಾಯಿಸಿದರೂ ದಾಖಲಾಗುತ್ತೆ ಮೇಡಂ. ನೋಡಿ. ಸಂಜೆ ಹಾಜರಿ ಹಾಕಿದ್ದು ಗುಮಾಸ್ತೆಯ ಖಾತೆ. ಬೆಳಗಿನ ಜಾವ ಅಳಿಸಿದ್ದೂ ಅದೇ ಖಾತೆ. ಮೂರು ಸಲವೂ. ಯಾರ ಹತ್ತಿರ ಏನು ತಗೊಂಡಿದ್ದಾಳೋ."

"ಬೆಳಗಿನ ಜಾವ ಎಲ್ಲಿದ್ದೆ?" ಇನ್‌ಸ್ಪೆಕ್ಟರ್ ಗುಮಾಸ್ತೆಯನ್ನು ಕೇಳಿದಳು.

"ನಿದ್ದೆ ಮಾಡ್ತಿದ್ದೆ ಮೇಡಂ."

"ಸಾಕ್ಷಿ?"

"ನಿದ್ದೆಗೆ ಸಾಕ್ಷಿ ಇಟ್ಕೊಂಡು ಯಾರು ಮಲಗ್ತಾರೆ?"

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳಿ." ಗುಮಾಸ್ತೆಯ ಕಣ್ಣು ತುಂಬಿತು. "ಇಡೀ ಆಸ್ಪತ್ರೆಯಲ್ಲಿ ಬೇಗ ಓಡೋದು ನನ್ನ ಕಂಪ್ಯೂಟರ್ ಒಂದೇ. ಒಂದು ನಿಮಿಷ ಕೊಡಮ್ಮ ಅಂತ ಯಾರು ಬಂದರೂ ಎದ್ದು ಕುರ್ಚಿ ಬಿಟ್ಟುಕೊಡ್ತೀನಿ. ಹೇಗೆ ಇಲ್ಲ ಅನ್ನೋದು?"

ಇನ್‌ಸ್ಪೆಕ್ಟರ್ ಹಣೆ ಒತ್ತಿಕೊಂಡಳು. ಒಳ್ಳೆಯತನಕ್ಕೂ ಒಂದು ಬೀಗ ಬೇಡವೇ?

"ನೀವೂ ಕೂರ್ತೀರಾ ಅಲ್ಲಿ?" ಉಪವ್ಯವಸ್ಥಾಪಕನನ್ನು ಕೇಳಿದಳು.

"ನಾನಾ? ಮೇಲಿನ ಮಹಡಿಯವನು. ಕೌಂಟರಿನ ಕಡೆ ಬರೋದೇ ಇಲ್ಲ." ಅವನು ನಕ್ಕ. "ಒಂದು ಕಾಲದಲ್ಲಿ ನಾನೂ ಕೋಡ್ ಬರೆದವನೇ. ಈಗ ಬರೀ ಸಹಿ ಹಾಕ್ತೀನಿ."

ನಿರ್ದೇಶಕರು ತೀರ್ಪು ಕೊಟ್ಟರು. ಗುಮಾಸ್ತೆ ಅಮಾನತು. ಪಟ್ಟಿಗೆ ಶುಕ್ರವಾರ ಮುದ್ರೆ. ಅಷ್ಟರೊಳಗೆ ಯಾರೋ ಬೇಕೆಂದೇ ಅಳಿಸಿದ್ದು ಸಾಬೀತಾದರೆ ಗುಬ್ಬಿ ಮತ್ತೆ ಮೇಲಕ್ಕೆ, ತನ್ನ ನಾಲ್ಕನೇ ಜಾಗಕ್ಕೆ. ಇಲ್ಲವಾದರೆ ಇದ್ದಲ್ಲೇ.

"ಮುಂದಿನ ವರ್ಷ ಕೊಡಬಹುದಲ್ಲ?" ಎಂದಳು ಇನ್‌ಸ್ಪೆಕ್ಟರ್.

"ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತೆ. ವಯಸ್ಸು ಮೀರಿದ ಮೇಲೆ ಯಂತ್ರ ಕೂರಿಸಿದರೂ ಮೆದುಳು ಮಾತು ಕಲಿಯೋದು ಕಷ್ಟ."

ತಾಯಿ ಎದ್ದಳು. ಅಳಲಿಲ್ಲ. ಗುಬ್ಬಿ ಮಾತ್ರ ಇನ್‌ಸ್ಪೆಕ್ಟರಳ ಸೊಂಟದ ಪಟ್ಟಿಯ ಹೊಳಪನ್ನು ಬೆರಳಿನಿಂದ ಮುಟ್ಟಿ, ಮುಖವೆತ್ತಿ ನಕ್ಕಿತು.

"ಅಮ್ಮ, ಕೊಡೆ," ಎಂದು ಉಪವ್ಯವಸ್ಥಾಪಕ ಅದನ್ನು ಎತ್ತಿಕೊಟ್ಟ. "ಮತ್ತೆ ಮರೆತು ಹೋಗಬೇಡಿ." ಆಮೇಲೆ ಇನ್‌ಸ್ಪೆಕ್ಟರಳತ್ತ ತಿರುಗಿದ. "ತಲೆ ಕೆಡಿಸ್ಕೋಬೇಡಿ ಮೇಡಂ. ಶುಕ್ರವಾರ ಕಳೆದರೆ ಎಲ್ಲ ತಾನಾಗಿ ಮುಗಿಯುತ್ತೆ. ಹುಡುಕೋಕೂ ಏನೂ ಉಳಿಯಲ್ಲ."

ಅದೇ ಸಂಜೆ ಬೀದಿಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಂದೇ ಏಟಿಗೆ ಕಣ್ಣು ಮುಚ್ಚಿದವು.

*

ಮರುದಿನ ಇನ್‌ಸ್ಪೆಕ್ಟರ್ ಒಂದು ಪರೀಕ್ಷೆ ಮಾಡಿದಳು. ಗುಬ್ಬಿಯ ತಾಯಿಯನ್ನು ಕರೆಸಿ ಮತ್ತೆ ಹಾಜರಿ ಹೇಳಿಸಿದಳು. ಗುಮಾಸ್ತೆಯ ಪಾಸ್‌ವರ್ಡ್ ಬದಲಾಯಿಸಿದ್ದಾಗಿತ್ತು. ಹಾಜರಿ ಹಾಕಿದವನು ಕಂಪ್ಯೂಟರ್ ವಿಭಾಗದವನು. ಏನೇ ಕೆಲಸ ಹೇಳಿದರೂ ಮೊದಲು "ಉಸ್ಸಪ್ಪಾ" ಎನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಉಸ್ಸಪ್ಪ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ ಗೊತ್ತು.

"ಉಸ್ಸಪ್ಪಾ," ಎಂದು ಅವನು ಗುಂಡಿ ಒತ್ತಿದ.

ಬುಧವಾರ ಬೆಳಗ್ಗೆ ಎಲ್ಲರೂ ಪರದೆಯ ಮುಂದೆ ಸೇರಿದರು. ಗುಬ್ಬಿಯ ಹಾಜರಿ ಹಾಕಿದ ಹಾಗೇ ಇತ್ತು. ಯಾರೂ ಅಳಿಸಿರಲಿಲ್ಲ.

ಉಪವ್ಯವಸ್ಥಾಪಕ ಒಂದು ಗಳಿಗೆ ಪರದೆಯನ್ನೇ ನೋಡಿದ. ಹುಬ್ಬು ಗಂಟಿಕ್ಕಿತು. ಮರುಗಳಿಗೆಯೇ ನಕ್ಕ.

"ಕಂಡಿರಾ ಮೇಡಂ? ಅವಳು ಹೋದಳು, ಅಳಿಸೋದೂ ನಿಂತಿತು. ಇನ್ನೇನು ಸಾಕ್ಷಿ ಬೇಕು?"

ನಿರ್ದೇಶಕರು ತಲೆದೂಗಿದರು. "ಗುಮಾಸ್ತೆಯ ಬೇಜವಾಬ್ದಾರಿ ಅಂತ ಬರೆದು ಮುಗಿಸಿ. ಪಟ್ಟಿ ಹೀಗೇ ಇರಲಿ. ನನಗೆ ಬೇರೆ ಕೆಲಸ ಇದೆ."

"ನನಗೂ ಇದೆ ಸಾರ್," ಎಂದಳು ಇನ್‌ಸ್ಪೆಕ್ಟರ್. "ಆದರೆ ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋದರೆ, ಕಾಗೆಯನ್ನ ಜೈಲಿಗೆ ಹಾಕೋಕಾಗುತ್ತಾ?"

ಹಾಗೆಂದಳೇ ಹೊರತು ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ. ಮಧ್ಯಾಹ್ನ ಮುಖ ಗಂಟು ಹಾಕಿಕೊಂಡೇ ಮನೆಗೆ ಊಟಕ್ಕೆ ಹೋದಳು.

*

ಮನೆಯಲ್ಲಿ ಸೋದರತ್ತೆಯ ಮುಖ ಅದಕ್ಕಿಂತ ದೊಡ್ಡ ಗಂಟಾಗಿತ್ತು. ಅತ್ತೆಗೆ ಎಪ್ಪತ್ತು ದಾಟಿದೆ. ಕಿವಿಯ ಹಿಂದೆ ಅದೇ ಆಸ್ಪತ್ರೆಯವರು ಕೊಟ್ಟ ಪುಟ್ಟ ಯಂತ್ರ.

"ಯಾಕತ್ತೆ, ಏನಾಯ್ತು?"

"ನನ್ನನ್ನ ವಿಚಾರಿಸೋರು ಸತ್ತುಹೋದರು."

"ಯಾರು ಸತ್ತರು?" ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಅತ್ತೆ ಮೊಬೈಲನ್ನು ಅವಳ ಮುಂದೆ ತಳ್ಳಿದರು. "ನೋಡು. ದಿನಾ ಬೆಳಗ್ಗೆ ಬರ್ತಿತ್ತು. ಕರೆಂಟು ಢಮ್ಮಂದ ಸಂಜೆಯಿಂದ ಇಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ನೀನಂತೂ ನನ್ನ ಕಿವಿ ಇದೆಯೋ ಬಿದ್ದುಹೋಯಿತೋ ಕೇಳೋಳಲ್ಲ."

ಇನ್‌ಸ್ಪೆಕ್ಟರ್ ನೋಡಿದಳು. ಸಾಲಾಗಿ ಒಂದೇ ಸಂದೇಶ, ಆಸ್ಪತ್ರೆಯಿಂದ. 'ಶುಭೋದಯ. ಕಿವಿಯ ಯಂತ್ರ ಹಾಕಿಕೊಂಡಿರಾ? ಇವತ್ತು ಯಾರ ಜೊತೆಗಾದರೂ ನಾಲ್ಕು ಮಾತಾಡಿ.'

"ಇದನ್ನ ಯಾರೂ ಕೂತು ಕಳಿಸಲ್ಲ ಅತ್ತೆ. ಯಂತ್ರ ತಾನಾಗೇ..."

ಅವಳು ಸಂದೇಶಗಳ ಸಾಲನ್ನು ಮತ್ತೊಮ್ಮೆ ನೋಡಿದಳು.

ತಾನಾಗೇ ಬರುತ್ತಿದ್ದುದು ಆ ಸಂಜೆಯಿಂದ ನಿಂತಿತು. ಹಾಜರಿ ಅಳಿಸುವುದೂ ಆ ಸಂಜೆಯಿಂದಲೇ ನಿಂತಿತು. ಆ ದಿನ ಗುಮಾಸ್ತೆ ಹೋಗಿದ್ದು ನಿಜ. ಆದರೆ ಕರೆಂಟೂ ಹೋಗಿತ್ತಲ್ಲ!

"ಊಟ?" ಎಂದರು ಅತ್ತೆ.

"ಮುಚ್ಚಿಡಿ. ಬರ್ತೀನಿ."

"ನೋಡಿದೆಯಾ, ನಾಲ್ಕು ಮಾತಾಡು ಅಂದರೆ ಓಡ್ತೀಯ!"

*

ಸರ್ವರ್ ಕೋಣೆ ಒಂದು ಉಗ್ರಾಣದಷ್ಟು ಚಿಕ್ಕದು. ಒಳಗೆ ಚಳಿ. ಉಸ್ಸಪ್ಪ ಸ್ವೆಟರ್ ಹಾಕಿಕೊಂಡು ಟೀ ಕುಡಿಯುತ್ತಿದ್ದ. ಅವಳನ್ನು ಕಂಡೊಡನೆ ಎದ್ದು, ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಬಿಟ್ಟ.

"ಕರೆಂಟ್ ಹೋಗಿ ಬಂದಮೇಲೆ ಏನು ಮಾಡಿದೆ?"

ಅಷ್ಟು ಕೇಳಿದ್ದೇ ತಡ, ಅವನ ಹಣೆಯಲ್ಲಿ ಬೆವರು. ಆ ಚಳಿಯಲ್ಲಿ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ.

"ನಾನೇನೂ ಮಾಡಿಲ್ಲ ಮೇಡಂ!"

"ಅಳಿಸಿದ್ದು ನೀನೇನಾ?"

"ಅಯ್ಯೋ, ಅದಲ್ಲ!"

"ಹಾಗಾದರೆ ಯಾವುದು?"

ಉಸ್ಸಪ್ಪ ಕುಸಿದು ಡಬ್ಬವೊಂದರ ಮೇಲೆ ಕುಳಿತ. "ಏನೂ ಮಾಡಿಲ್ಲ ಅಂದೆನಲ್ಲ, ಅದೇ ತಪ್ಪು. ಡೇಟಾಬೇಸಿನ ಒಳಗೆ ಒಂದು ಶೆಡ್ಯೂಲರ್ ಅಂತ ಇರುತ್ತೆ ಮೇಡಂ. ಅಲಾರಾಂ ಇದ್ದ ಹಾಗೆ. ಇಂಥ ಹೊತ್ತಿಗೆ, ಇಂಥ ಕೋಷ್ಟಕದಲ್ಲಿ, ಇಂಥದ್ದನ್ನ ಬದಲಾಯಿಸು ಅಂತ ಒಂದು ಸಲ ಬರೆದಿಟ್ಟರೆ ಸಾಕು. ದಿನಾ ಆ ಹೊತ್ತಿಗೆ ತಾನೇ ಎದ್ದು ಮಾಡುತ್ತೆ. ನಾವು ಇರಬೇಕಾಗಿಲ್ಲ. ಆದರೆ ಸರ್ವರ್ ಆರಿ ಮತ್ತೆ ಶುರುವಾದರೆ, ಈ ನಮ್ಮ ಹಳೇದರಲ್ಲಿ ಶೆಡ್ಯೂಲರ್ ತಾನಾಗಿ ಏಳಲ್ಲ. ನಾವೇ ಎಬ್ಬಿಸಬೇಕು. ನಾನು ಮರೆತೆ. ಇವತ್ತು ಬೆಳಗ್ಗೆ ಹೊಳೀತು. ಹೇಳಿದರೆ ಬೈತಾರೆ ಅಂತ..."

"ಈಗಲೂ ಮಲಗಿದೆಯಾ?"

"ಮಲಗಿದೆ."

"ಅದು ಮಾಡೋ ಕೆಲಸ ಯಾರ ಹೆಸರಲ್ಲಿ ದಾಖಲಾಗುತ್ತೆ?"

"ಯಾರ ಖಾತೆಯಿಂದ ಬರೆದಿಟ್ಟಿದ್ದಾರೋ ಅವರ ಹೆಸರಲ್ಲಿ."

"ಅವರು ಗೊರಕೆ ಹೊಡೀತಿದ್ದರೂ?"

"ಸತ್ತಿದ್ದರೂ!"

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿದಳು. ಈ ಒಂದು ಮಾತನ್ನು ಸೋಮವಾರ ಬೆಳಗ್ಗೆ ಒಬ್ಬರಾದರೂ ಹೇಳಬಾರದಿತ್ತೇ? "ಏನೇನು ಕೆಲಸ ಬರೆದಿಟ್ಟಿದೆ, ತೆಗೆದು ತೋರಿಸು."

"ಎರಡೇ ಇರೋದು, ಎರಡೂ ನಾನೇ ಬರೆದದ್ದು. ಹಾಜರಿ ಇಲ್ಲದವರನ್ನ ಬೆಳಗಿನ ಜಾವ ಪಟ್ಟಿಯಲ್ಲಿ ಕೆಳಗಿಳಿಸೋದು ಒಂದು. ಅಜ್ಜ ಅಜ್ಜಿಯರಿಗೆ ಶುಭೋದಯ ಕಳಿಸೋದು ಇನ್ನೊಂದು. ಅವರು ವಾಪಸು ಬರೆದರೆ ಕೌಂಟರಿಗೇ ಬರುತ್ತೆ. ಇದು ಆ ಗುಮಾಸ್ತೆ ಬೆನ್ನು ಹತ್ತಿ ಬರೆಸಿದ್ದು. ಒಬ್ಬೊಬ್ಬರೇ ಇರ್ತಾರೆ, ಯಾರೂ ಕೇಳೋರಿಲ್ಲ ಅಂತ..." ಅವನು ಟೈಪ್ ಮಾಡುತ್ತಲೇ ತಡೆದ. "ಉಸ್ಸಪ್ಪಾ."

ಪರದೆಯ ಮೇಲೆ ಮೂರು ಸಾಲುಗಳಿದ್ದವು.

ಮೂರನೆಯದರ ಹೆಸರು 'ಧೂಳು ಒರೆಸು'. ಬರೆದದ್ದು ಗುಮಾಸ್ತೆಯ ಖಾತೆ.

"ಇದು ನನ್ನದಲ್ಲ!" ಉಸ್ಸಪ್ಪ ಓದಿದ. "ಗುಬ್ಬಿಯ ನೋಂದಣಿ ಸಂಖ್ಯೆ ಇದೆ. ಈ ಮಗುವಿನ ಹಾಜರಿ ಖಾಲಿ ಮಾಡು. ದಿನಾ, ಕೆಳಗಿಳಿಸೋ ಕೆಲಸಕ್ಕಿಂತ ಸ್ವಲ್ಪ ಮೊದಲು. ಆಮೇಲೆ ಕೆಳಗಿಳಿಸೋದು ನನ್ನ ಕೆಲಸವೇ, ಪಾಪ ಏನೂ ತಿಳಿಯದೆ!"

"ಇಷ್ಟು ದಿನ ನೀನು ಇದನ್ನ ನೋಡಲೇ ಇಲ್ವಾ?"

"ನಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ದಿನಾ ಎಣಿಸ್ತೀವಾ ಮೇಡಂ?" ಅವನು ಇನ್ನೂ ಓದುತ್ತಿದ್ದ. "ಕೊನೆಯ ದಿನವನ್ನೂ ಹಾಕಿದ್ದಾರೆ. ಶುಕ್ರವಾರ. ಕೊನೆಯ ದಿನ ಕಳೆದ ಕೂಡಲೇ ಇದು ತನ್ನನ್ನ ತಾನೇ ಅಳಿಸಿಕೊಳ್ಳುತ್ತೆ. ಗುರುತೇ ಇರಲ್ಲ."

ಹುಡುಕೋಕೂ ಏನೂ ಉಳಿಯಲ್ಲ. ಈ ಮಾತನ್ನು ಎಲ್ಲೋ ಕೇಳಿದ್ದೆನಲ್ಲ ಎಂದುಕೊಂಡಳು ಇನ್‌ಸ್ಪೆಕ್ಟರ್.

"ಇದನ್ನ ಯಾವಾಗ ಬರೆದರು ಅಂತ ಗೊತ್ತಾಗುತ್ತಾ?"

"ಹುಟ್ಟಿದ ಹೊತ್ತನ್ನ ಡೇಟಾಬೇಸ್ ತಾನೇ ಗುರುತು ಹಾಕಿಕೊಂಡಿರುತ್ತೆ. ಇಲ್ಲಿದೆ."

ಇನ್‌ಸ್ಪೆಕ್ಟರ್ ಆ ದಿನಾಂಕವನ್ನೂ ಹೊತ್ತನ್ನೂ ಅಂಗೈ ಮೇಲೆ ಬರೆದುಕೊಂಡು, ಗುಬ್ಬಿಯ ಕಡತದ ಜೊತೆ ಹೋಲಿಸಿ ನೋಡಿದಳು. ಕಿವಿ ಪರೀಕ್ಷೆ ಮಾಡುವ ಡಾಕ್ಟರಮ್ಮನನ್ನು ಕಂಡು ಒಂದೇ ಒಂದು ಪ್ರಶ್ನೆ ಕೇಳಿದಳು. ಮತ್ತೆ ಬಂದು ಉಸ್ಸಪ್ಪನಿಗೆ ಹೇಳಿದಳು.

"ಶೆಡ್ಯೂಲರನ್ನ ಎಬ್ಬಿಸು. ಆ ಮೂರನ್ನೂ ಮುಟ್ಟಬೇಡ. ಬಾಯಿ ಮುಚ್ಚಿಕೊಂಡಿರು."

"ಉಸ್ಸಪ್ಪಾ ಅನ್ನಬಹುದಾ?"

"ಮೆಲ್ಲಗೆ."

*

ಗುರುವಾರ, ಬೆಳಕು ಹರಿಯುವ ಮುಂಚೆ ಎಲ್ಲರೂ ಕೌಂಟರಿನ ಮುಂದೆ ಕುಳಿತಿದ್ದರು. 'ಒಂದು ಕೊನೆಯ ಪರೀಕ್ಷೆ' ಎಂದಷ್ಟೇ ಅವರಿಗೆ ಹೇಳಲಾಗಿತ್ತು. ನಿರ್ದೇಶಕರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಈ ಹೊತ್ತಿನಲ್ಲಿ ಎಬ್ಬಿಸಿದ್ದಕ್ಕೆ ಪ್ರಪಂಚವನ್ನೇ ಶಪಿಸುತ್ತಿದ್ದರು. ಗುಬ್ಬಿ ತಾಯಿಯ ಹೆಗಲ ಮೇಲೆ ನಿದ್ದೆಹೋಗಿತ್ತು. ಉಪವ್ಯವಸ್ಥಾಪಕ ಎಲ್ಲರಿಗೂ ಟೀ ತರಿಸಿದ್ದ.

ಗುಮಾಸ್ತೆಯನ್ನು ಇನ್‌ಸ್ಪೆಕ್ಟರ್ ಪರದೆಯ ಎದುರೇ ಕೂರಿಸಿದಳು. ಕೀಬೋರ್ಡಿನ ತಂತಿ ಕಿತ್ತು, ಅದನ್ನು ನಿರ್ದೇಶಕರ ತೊಡೆಯ ಮೇಲಿಟ್ಟಳು.

"ಇದನ್ನೇನು ಮಾಡಲಿ?"

"ಹಿಡ್ಕೊಂಡಿರಿ ಸಾರ್, ಸಾಕು. ನೀನು ಎರಡು ಕೈಯಲ್ಲೂ ಲೋಟ ಹಿಡ್ಕೊಳ್ಳಮ್ಮ."

ಗುಬ್ಬಿಯ ಸಾಲು ಪರದೆಯ ಮೇಲಿತ್ತು. ಹಾಜರಿ: ಹೌದು. ನಿರ್ದೇಶಕರು ಆಕಳಿಸಿದರು.

ಹಾಜರಿಯ ಚೌಕ ಖಾಲಿಯಾಯಿತು.

ಆಕಳಿಕೆ ಅರ್ಧಕ್ಕೆ ನಿಂತಿತು. ಉಸ್ಸಪ್ಪ ತನ್ನ ಕಂಪ್ಯೂಟರಿನಲ್ಲಿ ದಾಖಲೆ ತೆರೆದು ಓದಿದ. "ಅಳಿಸಿದ ಖಾತೆ, ಗುಮಾಸ್ತೆಯದು."

"ಆದರೆ ಇವಳು ಇಲ್ಲೇ ಟೀ ಕುಡೀತಾ ಇದ್ದಾಳಲ್ಲಯ್ಯ!" ನಿರ್ದೇಶಕರು ಕೀಬೋರ್ಡನ್ನು ಎದೆಗವಚಿಕೊಂಡು ಎದ್ದರು.

"ಅದೇ ಸಾರ್. ಮೂರು ಸಲವೂ ಹೀಗೇ ಆಯ್ತು," ಎಂದಳು ಇನ್‌ಸ್ಪೆಕ್ಟರ್. ಶೆಡ್ಯೂಲರಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದಳು. "ಇವಳು ಅಮಾನತಾದದ್ದಕ್ಕೆ ಅಳಿಸೋದು ನಿಲ್ಲಲಿಲ್ಲ. ಕರೆಂಟು ಹೋಗಿ ಅಲಾರಾಂ ಮಲಗಿತ್ತು, ಅದಕ್ಕೆ ನಿಂತಿತು. ಜೊತೆಗೆ ನಮ್ಮತ್ತೆಗೆ ಬರ್ತಿದ್ದ ಶುಭೋದಯವೂ ನಿಂತಿತು. ಈಗ ಎಬ್ಬಿಸಿದ್ದೀವಿ. ಕೆಲಸಕ್ಕೆ ಬಂತು."

"ಆ ಅಲಾರಾಂ ಇಟ್ಟವಳೂ ಇವಳೇ ಇರಬಹುದಲ್ಲ?" ಉಪವ್ಯವಸ್ಥಾಪಕನ ದನಿ ಇನ್ನೂ ಬೆಣ್ಣೆಯೇ. "ಖಾತೆ ಅವಳದ್ದೇ ತಾನೆ?"

"ಇರಬಹುದು. ಅದಕ್ಕೇ ಹುಟ್ಟಿದ ಹೊತ್ತು ನೋಡಿದೆ. ಗುಬ್ಬಿಗೆ ಕಿವಿ ಪರೀಕ್ಷೆ ನಡೆದ ದಿನ, ಪರೀಕ್ಷೆ ನಡೀತಿದ್ದ ಹೊತ್ತು." ಅವಳು ಗುಮಾಸ್ತೆಯತ್ತ ತಿರುಗಿದಳು. "ಆವಾಗ ನೀನೆಲ್ಲಿದ್ದೆ?"

"ಒಳಗೆ ಮೇಡಂ, ಸದ್ದು ಬಾರದ ಕೋಣೆಯಲ್ಲಿ. ಹೊಲಿಗೆ ಅಂಗಡಿಯಿಂದ ಈ ಅಮ್ಮನಿಗೆ ಕರೆ ಬಂತು, ಹೋಗಲೇಬೇಕಾಯ್ತು. ಮಗು ಹೆದರಿ ಯಾರ ಹತ್ತಿರವೂ ಹೋಗ್ತಿರಲಿಲ್ಲ. ನನ್ನ ತೊಡೆ ಮೇಲೆ ಕೂರಿಸಿಕೊಂಡೆ."

"ಡಾಕ್ಟರಮ್ಮನೂ ಅದನ್ನೇ ಹೇಳಿದರು. ಆ ಕೋಣೆಗೆ ಮೊಬೈಲ್ ಕೂಡ ಬಿಡಲ್ಲ. ಹಾಗಾದರೆ ನಿನ್ನ ಕುರ್ಚಿಯಲ್ಲಿ ಯಾರಿದ್ದರು?"

"ನಾನು ನೋಡಲಿಲ್ಲ. ಕುರ್ಚಿ ಬಿಟ್ಟು ಹಾಗೇ ಎದ್ದು ಹೋಗಿದ್ದೆ."

"ಅಮ್ಮ," ಇನ್‌ಸ್ಪೆಕ್ಟರ್ ಗುಬ್ಬಿಯ ತಾಯಿಯನ್ನು ಕೇಳಿದಳು, "ಆ ದಿನ ನೀವು ಹೊರಗೆ ಹೋಗುವಾಗ ಕೊಡೆ ಮರೆತಿರಾ?"

"ಹೂಂ. ಅರ್ಧ ದಾರಿಯಿಂದ ವಾಪಸು ಓಡಿ ಬಂದೆ. ಇಲ್ಲೇ ಕೌಂಟರಿನ ಕೆಳಗೆ ಬಿದ್ದಿತ್ತು." ಅವಳು ನೆನಪಿಸಿಕೊಂಡು ಸಣ್ಣಗೆ ನಕ್ಕಳು. "ಈ ಸಾರೇ ಕುರ್ಚಿಯಿಂದ ಎದ್ದು, ಬಗ್ಗಿ ಎತ್ತಿಕೊಟ್ಟರು. ಹೊಲಿಗೆ ಚೆನ್ನಾಗಿದೆ ಅಂದರು. ಅಷ್ಟು ದೊಡ್ಡವರು! ತುಂಬ ಒಳ್ಳೆಯವರು ಮೇಡಂ."

ಅವಳು ಬೆರಳು ತೋರಿಸಿದ್ದು ಉಪವ್ಯವಸ್ಥಾಪಕನ ಕಡೆಗೆ.

ಅವನು ಟೀ ಲೋಟವನ್ನು ಕೌಂಟರಿನ ಮೇಲಿಟ್ಟ.

"ಕೌಂಟರಿನ ಕಡೆ ಬರೋದೇ ಇಲ್ಲ ಅಂದಿರಿ," ಎಂದಳು ಇನ್‌ಸ್ಪೆಕ್ಟರ್. "ಅದೇ ಬಾಯಲ್ಲಿ ಈ ಅಮ್ಮನಿಗೆ 'ಮತ್ತೆ ಮರೆತು ಹೋಗಬೇಡಿ' ಅಂದಿರಿ. ಒಂದು ಸಲ ಮರೆತಿದ್ದು ಮೇಲಿನ ಮಹಡಿಯವರಿಗೆ ಹೇಗೆ ಗೊತ್ತಾಯ್ತು? ನಿನ್ನೆ ಹಾಜರಿ ಅಳಿಸದೆ ಇದ್ದಾಗ ಇವರೆಲ್ಲ ನಿಟ್ಟುಸಿರು ಬಿಟ್ಟರು, ಹುಬ್ಬು ಗಂಟಿಕ್ಕಿದವರು ನೀವೊಬ್ಬರೇ. ಶುಕ್ರವಾರ ಕಳೆದರೆ ಏನೂ ಉಳಿಯಲ್ಲ ಅಂತ ಸೋಮವಾರವೇ ಹೇಳಿದಿರಿ. ನೀವು ಬರೆದ ಕೆಲಸ ತನ್ನನ್ನ ತಾನೇ ಅಳಿಸಿಕೊಳ್ಳೋದೂ ಶುಕ್ರವಾರವೇ. ಗುಬ್ಬಿ ಕೆಳಗಿಳಿದರೆ ಆ ನಾಲ್ಕನೇ ಯಂತ್ರ ಯಾವ ಮಗುವಿಗೆ ಹೋಗುತ್ತೆ ಅಂತ ನಾನು ಹೇಳಲಾ, ನೀವೇ ಹೇಳ್ತೀರಾ?"

ಬೆಣ್ಣೆಯ ದನಿ ಒಡೆಯಿತು. "ನನ್ನ ತಂಗಿಯ ಮಗ ಮೇಡಂ. ಅವನಿಗೂ ಕೇಳಿಸಲ್ಲ. ತಂಗಿ ದಿನಾ ಫೋನ್ ಮಾಡಿ ಅಳ್ತಿದ್ದಳು. ನನಗೆ ತಡೆಯೋಕಾಗಲಿಲ್ಲ."

"ಇವರು ವಾರವಾರ ನಿಮ್ಮ ಬಾಗಿಲಿಗೇ ಬಂದು ಅಳ್ತಿದ್ದರಲ್ಲ. ಅದನ್ನ ಹೇಗೆ ತಡ್ಕೊಂಡಿರಿ?"



ನಿರ್ದೇಶಕರು ಮಫ್ಲರ್ ಬಿಚ್ಚಿದರು. "ನಿನ್ನ ತಂಗಿಯ ಮಗನಿಗೆ ಇನ್ನೂ ವಯಸ್ಸಿತ್ತಲ್ಲಯ್ಯ. ಮುಂದಿನ ವರ್ಷದ ಪಟ್ಟಿಯಲ್ಲಿ ಅವನೇ ಮೊದಲಿಗ. ಸ್ವಲ್ಪ ಕಾದಿದ್ದರೆ ತಾನಾಗೇ ಸಿಗ್ತಿತ್ತು. ಈ ಮಗುವಿಗೆ ಮುಂದಿನ ವರ್ಷವೇ ಇರಲಿಲ್ಲ."

ಗುಬ್ಬಿಯ ತಾಯಿ ಉಪವ್ಯವಸ್ಥಾಪಕನನ್ನೂ ಕೈಯಲ್ಲಿದ್ದ ಕೊಡೆಯನ್ನೂ ಒಮ್ಮೆ ನೋಡಿದಳು. "ಆ ಹುಡುಗನನ್ನ ಪಟ್ಟಿಯಿಂದ ತೆಗೀಬೇಡಿ ಸಾರ್," ಎಂದಳು. "ಅವನೇನು ಮಾಡಿದ?"

ನಿರ್ದೇಶಕರು ಕೀಬೋರ್ಡನ್ನು ತಾವೇ ತಂದು ಗುಮಾಸ್ತೆಯ ಮುಂದಿಟ್ಟರು. ಅವಳು ಹಾಜರಿ ಹಾಕಿದಳು. ಗುಬ್ಬಿಯ ಹೆಸರು ಮೇಲಕ್ಕೆ ಹೋಯಿತು. ಉಸ್ಸಪ್ಪ 'ಧೂಳು ಒರೆಸು' ಎಂಬುದನ್ನು ಸಾಕ್ಷಿಗೆ ನಕಲು ಮಾಡಿಕೊಂಡು, ಮೂಲವನ್ನು ನಿಲ್ಲಿಸಿ, ಯಾರೂ ಕೇಳದಿದ್ದರೂ ಗಟ್ಟಿಯಾಗಿ "ಉಸ್ಸಪ್ಪಾ" ಎಂದ.

"ನಿನ್ನ ಪಾಸ್‌ವರ್ಡ್ ಇನ್ನುಮೇಲೆ ಯಾರಿಗೆ ಗೊತ್ತಿರುತ್ತೆ?" ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಗದರಿದಳು.

"ನನಗೊಬ್ಬಳಿಗೇ ಮೇಡಂ," ಎಂದಳು ಗುಮಾಸ್ತೆ. ಮೂಗು ಒರೆಸಿಕೊಂಡಳು. "ಕುರ್ಚಿ ಮಾತ್ರ ಯಾರಾದರೂ ಕೇಳಿದರೆ ಕೊಡ್ತೀನಿ."

*

ಇನ್‌ಸ್ಪೆಕ್ಟರ್ ಮನೆಗೆ ಬಂದಾಗ ಬಿಸಿಲೇರಿತ್ತು. ನಿನ್ನೆ ಮುಚ್ಚಿಟ್ಟ ಊಟದ ನೆನಪಾಗಿ ಅವಳು ಬೈಗುಳಕ್ಕೆ ಸಿದ್ಧಳಾಗಿಯೇ 'ಅತ್ತೆ' ಎಂದು ಕರೆದಳು. ಅತ್ತೆ ಅಂಗಳದಲ್ಲಿ ಮೊಬೈಲ್ ಹಿಡಿದು ಕುಳಿತಿದ್ದರು. ಮುಖ ಅರಳಿತ್ತು.

"ಬಂತು ಕಣೇ! ನನ್ನ ವಿಚಾರಿಸೋರು ಬಂದರು. ನಾನೂ ಬಿಡಲಿಲ್ಲ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ವಾಪಸು ಬರೆದೆ."

"ಅತ್ತೆ, ಎಷ್ಟು ಸಲ ಹೇಳೋದು! ಅದು ಯಂತ್ರ. ಹೊತ್ತಿಗೆ ಸರಿಯಾಗಿ ತಾನೇ ಕಳಿಸುತ್ತೆ. ನೀವು ಬರೆದರೆ ಅದೇನು ಉತ್ತರ ಕೊಡುತ್ತಾ?"

"ಕೊಟ್ಟಿದೆ. ಓದು."

ಇನ್‌ಸ್ಪೆಕ್ಟರ್ ಸಿಡುಕಿಕೊಂಡೇ ಮೊಬೈಲ್ ತೆಗೆದುಕೊಂಡಳು. ಶುಭೋದಯದ ಕೆಳಗೆ ಅತ್ತೆಯ ಬೈಗುಳ. ಅದರ ಕೆಳಗೆ, ಯಾವ ಹೊತ್ತಿಗೂ ಗೊತ್ತುಮಾಡಿರದ ಒಂದು ಸಾಲು.

'ಎರಡು ದಿನ ರಜೆಯಲ್ಲಿದ್ದೆ ಅಜ್ಜಿ, ಕ್ಷಮಿಸಿ. ಈಗ ಬಂದೆ. ಯಂತ್ರ ಹಾಕಿಕೊಂಡಿರಾ?'